ಕೂಸಿನ ಬಾಯಾಗಿನ ನಿಪ್ಪಲ್ಲು, ಅವ್ವನ ಕೈಯಾಗಿನ ಕೆಲಸ

1/8

ದೋಸ್ತರೇ, ಈ ಸಲದ ಇತಿಹಾಸದ ಸರಣಿ ಮುಧೋಳದ ನಾಯಿ ಬಗ್ಗೆ ಅಲ್ಲ, ರನ್ನನ ಬಗ್ಗೆ ಅಲ್ಲ, ನಮ್ಮ ಜಮಖಂಡಿ ಪಟವರ್ಧನರ ಅರಮನೆ ಬಗ್ಗೆನೂ ಅಲ್ಲ. ಮೊದಲನೇ ಫೋಟೋದಾಗ ಕಾಣೋ ಆ ನೀಲಿ ನಿಪ್ಪಲ್ಲಿನ ಬಗ್ಗೆ. ಹಾಲಿನ ಬಾಟಲಿಗೆ ಹಾಕೋದಲ್ಲ ಅದು. ಅದರೊಳಗಿಂದ ಹಾಲೂ ಬರೂದಿಲ್ಲ, ನೀರೂ ಬರೂದಿಲ್ಲ. ಅಳೋ ಕೂಸಿನ ಬಾಯಾಗ ಇಟ್ರ ಸುಮ್ಮನ ಚೀಪಿಕೋತ ಮಲಗತೈತಿ. ಅಂಗಡಿಯವರು ಪ್ಯಾಸಿಫೈಯರ್ ಅಂತಾರ, ಮನ್ಯಾಗ ಎಲ್ಲಾರೂ ನಿಪ್ಪಲ್ ಅಂತಾರ.

ನಗಬ್ಯಾಡ್ರಿ. ಬಿಕಾಂ ಹುಡುಗಿಗೆ ಇದರ ಉಸಾಬರಿ ಯಾಕ ಅಂತೀರೇನೋ. ಹೇಳ್ತೀನಿ.

ನಮ್ಮ ಅಕ್ಕ ಬಾಣಂತನಕ್ಕ ತವರಿಗೆ ಬಂದಿದ್ಲು. ಅವಳ ಗಂಡನ ಮನಿ ಬನಹಟ್ಟಿ, ನೇಕಾರರ ಮನಿ. ಕೂಸನ್ನ ತೊಟ್ಟಿಲಿಗೆ ಹಾಕಿದ ದಿನ ಯಾರೋ ಕೊಟ್ಟ ಗಿಫ್ಟ್ ಬಾಕ್ಸಿನಾಗ ಈ ನೀಲಿ ನಿಪ್ಪಲ್ಲು ಇತ್ತು. ಅಕ್ಕಗ ನಾಲ್ಕು ದಿನದಿಂದ ನಿದ್ದಿ ಇರಲಿಲ್ಲ. ಒಂದು ರಾತ್ರಿ ಕೂಸು ಅಳಾಕ ಶುರು ಮಾಡಿತು, ಅಕ್ಕನೂ ಅಳಾಕ ಶುರು ಮಾಡಿದ್ಲು. ನಾನು ಆ ನಿಪ್ಪಲ್ ಕುದಿಯೋ ನೀರಿನಾಗ ಹಾಕಿ ತಗದು, ಆರಿಸಿ, ಕೂಸಿನ ಬಾಯಾಗ ಇಟ್ಟೆ. ಎರಡು ನಿಮಿಷದಾಗ ಮನಿ ಶಾಂತ. ನನಗ ಏನೋ ದೊಡ್ಡ ಕೆಲಸ ಮಾಡಿದಂಗ ಆತು. ಮರುದಿನನೂ ಇಟ್ಟೆ. ಆಮೇಲೆ ಅದೇ ರೂಢಿ ಆತು.

21ನೇ ದಿನ ಆಶಾ ಅಕ್ಕ ಮನಿಗೆ ಬಂದು ಕೂಸನ್ನ ತೂಗಿದ್ರು. ಹಿಂದಿನ ವಾರದಿಂದ ಏರಿದ್ದು 60 ಗ್ರಾಂ ಮಾತ್ರ. ಈ ವಯಸ್ಸಿನ ಕೂಸು ದಿನಕ್ಕ 20-30 ಗ್ರಾಂ ಏರಬೇಕಂತ. ಅವರು ಬೈಲಿಲ್ಲ. ಕೇಳಿದ್ದು ಒಂದೇ: "ದಿನಕ್ಕ ಎಷ್ಟು ಸಲ ಹಾಲು ಕುಡಿಸ್ತೀರಿ?" ಅಕ್ಕ ಬೆರಳ ಮಡಚಿ ಎಣಿಸಿದ್ಲು. ಆರಕ್ಕ ನಿಂತ್ಲು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ನನಗ ಚುಚ್ಚಿತು.

ಅವತ್ತಿನಿಂದ ನಾನು ಈ ವಸ್ತುವಿನ ಹಿಂದ ಬಿದ್ದೀನಿ. ಓದ್ತಾ ಹೋದಂಗ ಗೊತ್ತಾತು: ಇದು ಬರೀ ಕೂಸಿನ ಕಥಿ ಅಲ್ಲ, ಅವ್ವನ ಕೆಲಸದ ಕಥಿ. ಮುಂದ ಸರಿಸ್ರಿ.

2/8

ಮೊದಲು ಅರಿವಿ.

ನಮ್ಮ ಆಯಿ ಬೀಳಗಿ ಕಡೆಯವಳು. ನಿಪ್ಪಲ್ ನೋಡಿ ಆಕಿಗೆ ಆಶ್ಚರ್ಯ ಏನೂ ಆಗಲಿಲ್ಲ. "ನಮ್ಮ ಕಾಲಕ್ಕ ಹಳೇ ಧೋತರದ ಅರಿವಿ ತುದಿ ಬೆಲ್ಲದ ನೀರಾಗ ಅದ್ದಿ ಬಾಯಾಗ ಇಡತಿದ್ವಿ. ಹೊಲದಾಗ ಕೆಲಸ ಇದ್ರ ಏನ್ ಮಾಡೂದು?" ಅಂದ್ಲು. ಆಮೇಲೆ ತಾನೇ ಸೇರಿಸಿದ್ಲು, "ಆದ್ರ ಇರುವಿ ಮುಕರ್ತಿದ್ವು."

ಇದು ನಮ್ಮ ಆಯಿ ಒಬ್ಬಾಕಿ ಬುದ್ಧಿ ಅಲ್ಲ. ಆಲ್ಬ್ರೆಕ್ಟ್ ಡ್ಯೂರರ್ ಅನ್ನೋ ಜರ್ಮನ್ ಕಲಾವಿದ 1506ರಲ್ಲಿ ಮೇರಿ ಮತ್ತು ಬಾಲಯೇಸುವಿನ ಒಂದು ಚಿತ್ರ ಬರೆದ. ಅದು ಈಗ ಬರ್ಲಿನ್ನಿನಲ್ಲಿದೆ. ಅದರಲ್ಲಿ ಕೂಸಿನ ತೋಳ ಮೇಲೆ ಒಂದು ಸಣ್ಣ ಹಕ್ಕಿ ಕೂತಿದೆ, ಕೈಯಲ್ಲಿ ಅರಿವಿಯ ಒಂದು ಪುಟ್ಟ ಗಂಟಿದೆ. ಆ ಗಂಟು ಚೀಪಲಿಕ್ಕೆ ಕೊಡುತ್ತಿದ್ದದ್ದು. ಯುರೋಪಿನ ಮನೆಗಳಲ್ಲಿ ಅಂಥ ಗಂಟಿನೊಳಗೆ ಸಕ್ಕರೆ, ರೊಟ್ಟಿಯ ಚೂರು ಇಟ್ಟು ಕಟ್ಟುತ್ತಿದ್ದರು. ಐದು ನೂರು ವರ್ಷದ ಹಿಂದಿನ ಜರ್ಮನಿಗೂ ನಮ್ಮ ಬೀಳಗಿಗೂ ಸಂಬಂಧ ಇಲ್ಲ. ಆದ್ರ ಅಳೋ ಕೂಸು, ಕೈತುಂಬ ಕೆಲಸ, ಕೈಗೆ ಸಿಕ್ಕ ಅರಿವಿ, ಈ ಮೂರೂ ಎಲ್ಲಾ ಕಡೆ ಇರೂವೇ.

ಕೂಸುಗಳು ಯಾಕ ಚೀಪ್ತಾವ? ಹಸಿವಿಗೆ ಮಾತ್ರ ಅಲ್ಲ. ಚೀಪುವುದು ಹುಟ್ಟಿನಿಂದಲೇ ಬರುವ ಗುಣ. ಹೊಟ್ಟಿಯೊಳಗ ಇದ್ದಾಗಲೇ ಬೆರಳು ಚೀಪೋ ಕೂಸುಗಳು ಸ್ಕ್ಯಾನಿಂಗ್‌ನಾಗ ಕಾಣತಾವ. ಚೀಪಿದ್ರ ಅವಕ್ಕ ಸಮಾಧಾನ. ತಾಯಿಯ ಮೊಲೆ ಹಾಲೂ ಕೊಡ್ತದ, ಸಮಾಧಾನನೂ ಕೊಡ್ತದ. ಅರಿವಿ ಗಂಟು ಸಮಾಧಾನ ಮಾತ್ರ ಕೊಡ್ತದ. ಈ ಎರಡನ್ನ ಬೇರೆ ಮಾಡಿದ್ದೇ ಈ ಇಡೀ ಇತಿಹಾಸದ ಮೊದಲ ಹೆಜ್ಜಿ.

ನಮ್ಮ ಭಾಗದ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದ ಕೂತು ಕೂಸಿನ ಮೇಲೆ ಹಾಡು ಕಟ್ಟಿದ್ದು ನಿಮಗ ಗೊತ್ತೇ ಐತಿ. ಹಲಸಂಗಿ ಗೆಳೆಯರು ಅವನ್ನ ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಅಂತ ತಂದರು. ನಾವು ಅದನ್ನ ತಾಯಿಪ್ರೀತಿ ಅಂತ ಓದ್ತೀವಿ. ಸರಿನೇ. ಆದ್ರ ಇನ್ನೊಂದು ಸಲ ಯೋಚನೆ ಮಾಡ್ರಿ: ಕೈಯಾಗ ಬೀಸುಕಲ್ಲಿನ ಗೂಟ, ಬಾಯಾಗ ಹಾಡು. ಕೈ ಖಾಲಿ ಇರಲಿಲ್ಲ, ಅದಕ್ಕ ದನಿಯಿಂದ ಕೂಸನ್ನ ಹಿಡಕೊಂಡಿದ್ರು.

3/8

ಈಗ ಕಥಿ ಕಪ್ಪಾಗತದ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡು. ಲ್ಯಾಂಕಾಶೈರಿನ ತುಂಬಾ ಬಟ್ಟೆ ಗಿರಣಿಗಳು. ನಾಟಿಂಗ್‌ಹ್ಯಾಮ್‌ನಲ್ಲಿ ಲೇಸು ಹೆಣೆಯುವ ಮನೆಗಳು. ಕೆಲಸ ಮಾಡುವವರಲ್ಲಿ ಸಾವಿರಾರು ಹೆಂಗಸರು, ಅವರಲ್ಲಿ ಬಹಳ ಮಂದಿ ಎಳೆ ಕೂಸಿನ ತಾಯಂದಿರು. ಗಿರಣಿ ಗಂಟೆ ಬಾರಿಸಿದರೆ ಹೋಗಲೇಬೇಕು. ಕೂಸು ನೆರೆಮನೆಯ ಮುದುಕಿಯ ಹತ್ತಿರ. ಆ ಕೂಸು ಸುಮ್ಮನಿರಲು ಅಂಗಡಿಯಲ್ಲಿ ಒಂದು ಅಗ್ಗದ ಔಷಧಿ ಸಿಗುತ್ತಿತ್ತು. ಹೆಸರು ಗಾಡ್‌ಫ್ರೀಸ್ ಕಾರ್ಡಿಯಲ್. ಸಿಹಿ ಪಾಕ, ಅದರಲ್ಲಿ ಅಫೀಮು. ಒಂದು ಚಮಚ ಹಾಕಿದರೆ ಕೂಸಿಗೆ ನಿದ್ದೆ. ಆ ನಿದ್ದೆಯಲ್ಲಿ ಹಸಿವು ಗೊತ್ತಾಗುವುದಿಲ್ಲ, ಹಾಲು ಕೇಳುವುದಿಲ್ಲ. ಕೂಸು ಸೊರಗುತ್ತಾ ಹೋಗುತ್ತಿತ್ತು, ಕೆಲವು ಏಳಲೇ ಇಲ್ಲ. ಈ ಔಷಧಿಯನ್ನು ಮನೆಮನೆಯಲ್ಲಿ ಕೊಡುತ್ತಿದ್ದದ್ದು 1840ರ ದಶಕದ ಸರ್ಕಾರಿ ತನಿಖೆಗಳಲ್ಲೇ ದಾಖಲಾಗಿದೆ.

ಈಗ ನಮ್ಮ ಊರಿಗೆ ಸಂಬಂಧ ಕೇಳ್ರಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿ ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು. ಆಗ ಅವರು ಹತ್ತಿಗಾಗಿ ತಿರುಗಿದ್ದು ನಮ್ಮ ಕಡೆ. ಧಾರವಾಡ, ಬಿಜಾಪುರ, ಬೆಳಗಾವಿ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಆ ಬಂದರಿನ ಹೆಸರೇ ನಮ್ಮ ಹತ್ತಿಗೆ 'ಕುಮಟಾ ಹತ್ತಿ' ಅಂತ ಅಂಟಿಕೊಂಡಿತು. ಆ ನಾಲ್ಕು ವರ್ಷ ಇಲ್ಲಿ ಹತ್ತಿಗೆ ಎಲ್ಲಿಲ್ಲದ ಬೆಲೆ.

ಅಲ್ಲಿ ಮಾತ್ರ ಕೆಲಸ ಇಲ್ಲ, ಕೂಳಿಲ್ಲ. ಡಾ. ಎಡ್ವರ್ಡ್ ಸ್ಮಿತ್ ಎನ್ನುವವರನ್ನು ಸರ್ಕಾರ ಅಲ್ಲಿನ ಜನರ ಆರೋಗ್ಯ ನೋಡಲು ಕಳಿಸಿತು. ಅವರು ಕಂಡದ್ದು ವಿಚಿತ್ರ: ಅಂಥ ಬರಗಾಲದಲ್ಲೂ ಎಳೆ ಕೂಸುಗಳ ಸಾವು ಕಡಿಮೆಯಾಗಿತ್ತು. ಕಾರಣ ಏನು? ಗಿರಣಿ ಮುಚ್ಚಿದ್ದರಿಂದ ತಾಯಂದಿರು ಮನೆಯಲ್ಲಿದ್ದರು. ಅಫೀಮಿನ ಪಾಕ ಹಾಕುವ ಬದಲು ಎದೆಹಾಲು ಕುಡಿಸಲು ಅವರಿಗೆ ಸಮಯ ಸಿಕ್ಕಿತ್ತು.

ಇದನ್ನ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನ ಕೂತೆ. ಪಗಾರ ನಿಂತಾಗ ಕೂಸುಗಳು ಬದುಕಿದ್ವು ಅಂದ್ರ ಆ ಪಗಾರ ಎಂಥಾದ್ದು?

4/8

"ಅದು ಇಂಗ್ಲೆಂಡು ಬಿಡು" ಅಂತೀರಾ? ಬಿಡಾಕ ಆಗೂದಿಲ್ಲ.

ನಮ್ಮ ನಾಲ್ಕು ಊರುಗಳ ಹಳೇ ನಕಾಶೆ ನೋಡಿದ್ರ ತಲೆ ತಿರುಗತದ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದ್ದು, ಆದ್ರ ಪಕ್ಕದ ರಬಕವಿ ಸಾಂಗಲಿ ಸಂಸ್ಥಾನಕ್ಕ. ಬೀಳಗಿ ನೇರ ಬ್ರಿಟಿಷರ ಬಿಜಾಪುರ ಜಿಲ್ಲೆಗೆ. ಒಟ್ಟಿನಾಗ ಎಲ್ಲವೂ ಮುಂಬಯಿ ಪ್ರಾಂತದ ನೆರಳಿನಾಗ ಇದ್ವು. ಮಳಿ ಕೈಕೊಟ್ಟ ವರ್ಷ ಈ ಸೀಮೆಯ ಮಂದಿ ಸೊಲ್ಲಾಪುರದ ಗಿರಣಿ, ಮುಂಬಯಿಯ ಗಿರಣಿ ಅಂತ ಹೋಗತಿದ್ರು. ಸೊಲ್ಲಾಪುರದ ಗಿರಣಿಗಳಲ್ಲಿ ಕನ್ನಡ ಮಾತಾಡೋ ಕಾರ್ಮಿಕರು ಇದ್ದೇ ಇದ್ರು.

ಮುಂಬಯಿ ಸರ್ಕಾರ ಗಿರಣಿ ಹೆಂಗಸರ ಬಾಣಂತನದ ಬಗ್ಗೆ ತಿಳಿಯಲು ಡಾ. ಬಾರ್ನ್ಸ್ ಎಂಬ ಮಹಿಳಾ ವೈದ್ಯೆಯನ್ನು ನೇಮಿಸಿತು. 1922ರಲ್ಲಿ ಅವರ ವರದಿ ಬಂತು. ಅದರಲ್ಲಿದ್ದ ಒಂದು ಅಂಕಿ ದೇಶದ ಹೊರಗೂ ಸುದ್ದಿಯಾಯಿತು: ಗಿರಣಿ ಕೆಲಸದ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿತ್ತು. ಅಂಗಡಿಯಲ್ಲಿ ಅದಕ್ಕೆ ಇದ್ದ ಹೆಸರು 'ಬಾಲ ಗೋಲಿ'. ಬಾಲ ಅಂದ್ರ ಕೂಸು. ಕೂಸಿನ ಗುಳಿಗಿ.

ಆ ತಾಯಂದಿರು ಕೆಟ್ಟವರೇನು? ಲೆಕ್ಕ ಹಾಕ್ರಿ. ಚಾಳಿನ ಒಂದೇ ಕೋಣೆ. ಮುಂಜಾನೆ ಹೋದರೆ ಸಂಜೆ ಬರುವುದು. ಹೆರಿಗೆ ರಜೆ ಇಲ್ಲ. ಕೂಸನ್ನು ಗಿರಣಿಯೊಳಗೆ ಒಯ್ದರೆ ಹತ್ತಿಯ ಧೂಳು, ಯಂತ್ರದ ಸದ್ದು. ಮನೆಯಲ್ಲಿ ಬಿಟ್ಟರೆ ನೋಡುವವರು ಯಾರು? ಗುಳಿಗೆ ಬಹಳ ಅಗ್ಗ. ಅಫೀಮು ಮಾರುತ್ತಿದ್ದದ್ದು ಕದ್ದುಮುಚ್ಚಿ ಅಲ್ಲ, ಲೈಸೆನ್ಸ್ ಇದ್ದ ಅಂಗಡಿಯಲ್ಲಿ. ಅದರ ಅಬಕಾರಿ ಸುಂಕ ಸರ್ಕಾರದ ಖಜಾನೆಗೆ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೂದಾದ್ರ, ಒಂದು ಕಡೆ ಗಿರಣಿ ಮಾಲೀಕನ ಲಾಭ, ಇನ್ನೊಂದು ಕಡೆ ಸರ್ಕಾರದ ಆದಾಯ. ಖರ್ಚಿನ ಕಾಲಂನಾಗ ಕೂಸು.

1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯೆ ಕಾಯ್ದೆ ಬಂತು. ದೇಶದಲ್ಲೇ ಅಂಥದ್ದು ಮೊದಲನೆಯದು. ಕಾರ್ಮಿಕ ನಾಯಕ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಇಂಥ ಕಾಯ್ದೆ ಬೇಕು ಅಂತ 1924ರಲ್ಲೇ ಮಸೂದೆ ತಂದಿದ್ದರು. ಆಗ ಅದು ಪಾಸಾಗಲಿಲ್ಲ.

5/8

ಅರಿವಿ ಆತು, ಅಫೀಮು ಆತು. ಈಗ ರಬ್ಬರು.

1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕ ಹಾಕಿ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷವೇ ಬಾಟಲಿಗೆ ಹಾಕುವ ರಬ್ಬರ್ ನಿಪ್ಪಲ್ಲಿಗೆ ಪೇಟೆಂಟ್ ಆಯಿತು. ಹಾಲಿಲ್ಲದ ನಿಪ್ಪಲ್ಲು ಈಗಿನ ರೂಪಕ್ಕೆ ಬಂದದ್ದು 1900ರಲ್ಲಿ. ಆ ಸೆಪ್ಟೆಂಬರ್ 18ರಂದು ನ್ಯೂಯಾರ್ಕಿನ ಕ್ರಿಸ್ಟಿಯನ್ ಮೈನೆಕೆ ಎಂಬಾತನಿಗೆ 'ಬೇಬಿ ಕಂಫರ್ಟರ್' ಅನ್ನುವ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. ಒಂದು ನಿಪ್ಪಲ್ಲು, ನುಂಗದಂತೆ ತಡೆಯಲು ಒಂದು ಬಿಲ್ಲೆ, ಹಿಡಿಯಲು ಒಂದು ಬಳೆ. ಮೊದಲನೇ ಫೋಟೋಕ್ಕ ವಾಪಸ್ ಹೋಗಿ ನೋಡ್ರಿ. 120 ವರ್ಷ ದಾಟಿದ್ರೂ ಅದೇ ಮೂರು ಭಾಗ. ಬಣ್ಣ ಮಾತ್ರ ನೀಲಿ.

ಅಫೀಮಿಗಿಂತ ಇದು ಸಾವಿರ ಪಾಲು ಮೇಲು. ಅದು ಒಪ್ಪಲೇಬೇಕು. ಆದರೂ ಡಾಕ್ಟರುಗಳಿಗೆ ಸಿಟ್ಟು. ನೆಲಕ್ಕೆ ಬಿದ್ದದ್ದನ್ನೇ ಮತ್ತೆ ಬಾಯಿಗೆ ಇಡುತ್ತಾರೆ, ಹಲ್ಲು ಸೊಟ್ಟ ಆಗ್ತಾವೆ, ದುರಭ್ಯಾಸ ಅಂತೆಲ್ಲ. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ಹೆಸರಾಂತ ವೈದ್ಯರು ಇದರ ಕಟ್ಟಾ ವಿರೋಧಿ. ಬೈಗುಳ ಬಿದ್ದದ್ದು ಮಾತ್ರ ಯಾವಾಗಲೂ ತಾಯಿಗೇ.

ಎದೆಹಾಲಿನ ಪ್ರಶ್ನೆ ದೊಡ್ಡದಾದದ್ದು 1970ರ ದಶಕದಲ್ಲಿ. ಹಾಲಿನಪುಡಿ ಕಂಪನಿಗಳು ಬಡದೇಶಗಳ ಆಸ್ಪತ್ರೆಗಳಲ್ಲಿ ಪುಕ್ಕಟೆ ಡಬ್ಬಿ ಹಂಚುತ್ತಿದ್ದವು. ಡಬ್ಬಿ ಮುಗಿಯುವ ಹೊತ್ತಿಗೆ ತಾಯಿಯ ಹಾಲು ಬತ್ತಿರುತ್ತಿತ್ತು. 1974ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಬಯಲಿಗೆಳೆದ ಪುಸ್ತಿಕೆ ಬಂತು, 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ನಿಯಮ ತಂದಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅಮೆರಿಕದ್ದು.

ಅದೇ ಹಾದಿಯಲ್ಲಿ 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರ ಕೊಟ್ಟವು. ಒಂಬತ್ತನೆಯದು: ಎದೆಹಾಲು ಕುಡಿಯುವ ಕೂಸಿಗೆ ನಿಪ್ಪಲ್ಲು ಕೊಡಬೇಡಿ. ನಮ್ಮ ದೇಶದಲ್ಲಿ 1992ರಲ್ಲಿ ಹಾಲಿನಪುಡಿ ಮತ್ತು ಹಾಲೂಡಿಸುವ ಬಾಟಲಿ ಕಾಯ್ದೆ ಬಂತು. 2003ರಲ್ಲಿ ಅದನ್ನು ಬಿಗಿ ಮಾಡಿದರು. ಅದರ ಪ್ರಕಾರ ಬಾಟಲಿಯ ಜಾಹೀರಾತು ಕೊಡುವಂತಿಲ್ಲ. ಬಾಟಲಿಗೆ ಹಾಕುವ ನಿಪ್ಪಲ್ಲನ್ನೂ ಕಾಯ್ದೆ ಹೆಸರಿಸುತ್ತದೆ. ಬರೀ ಚೀಪುವ ನಿಪ್ಪಲ್ಲಿನ ಹೆಸರು ಅದರ ವ್ಯಾಖ್ಯೆಯೊಳಗಿಲ್ಲ.

6/8

ಹಂಗಾದ್ರ ಕೊಡಬೇಕೋ ಬ್ಯಾಡೋ? ನಾನು ಡಾಕ್ಟರ್ ಅಲ್ಲ. ಓದಿದ್ದನ್ನ ಇದ್ದಂಗ ಹೇಳ್ತೀನಿ.

ಮೊದಲು ಹಾಲಿನ ಲೆಕ್ಕ ತಿಳೀರಿ. ಎದೆಹಾಲು ಅಂದ್ರ ಬೇಡಿಕೆ-ಪೂರೈಕೆ. ನಮ್ಮ ಎಕನಾಮಿಕ್ಸ್ ಮೊದಲ ಪಾಠನೇ. ಕೂಸು ಎಷ್ಟು ಚೀಪಿ ಖಾಲಿ ಮಾಡ್ತದೋ ಅಷ್ಟು ಹಾಲು ಉತ್ಪತ್ತಿ ಆಗತದ. ಹುಟ್ಟಿದ ಹೊಸದರಲ್ಲಿ ದಿನಕ್ಕ 8ರಿಂದ 12 ಸಲ ಕುಡಿಸಬೇಕು. ಹಸಿದ ಕೂಸು ಮೊದಲು ಬಾಯಿ ತೆರೀತದ, ತಲಿ ಆಕಡೆ ಈಕಡೆ ತಿರುಗಸ್ತದ, ಕೈ ಚೀಪ್ತದ. ಅಳೂದು ಕಡೀಕ. ಆ ಹೊತ್ತಿಗೆ ನಿಪ್ಪಲ್ ಇಟ್ರ ಕೇಳೋ ದನಿ ಮುಚ್ಚಿಹೋಗತದ. ನಾನು ಮಾಡಿದ್ದು ಅದನ್ನೇ. ಎಂಟು ಸಲ ಕುಡೀಬೇಕಾದ ಕೂಸು ಆರು ಸಲ ಕುಡೀತು. ಬೇಡಿಕೆ ಇಳೀತು, ಪೂರೈಕೆನೂ ಇಳೀತು.

ಬ್ರೆಜಿಲ್‌ನ ಪೆಲೋಟಾಸ್ ಊರಲ್ಲಿ 1990ರ ದಶಕದಲ್ಲಿ ಸೆಸರ್ ವಿಕ್ಟೋರಾ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ನಿಪ್ಪಲ್ ಬಳಸುವ ಕೂಸುಗಳು ಎದೆಹಾಲು ಬೇಗ ಬಿಡುತ್ತಿದ್ದವು. ಆದರೆ ಅವರು ತಾಯಂದಿರ ಮನೆಗೇ ಹೋಗಿ ಮಾತಾಡಿಸಿದಾಗ ಇನ್ನೊಂದು ವಿಷಯ ಕಂಡಿತು: ಹಾಲು ಕುಡಿಸುವುದರಲ್ಲಿ ಮೊದಲೇ ತೊಂದರೆ, ಅಳುಕು ಇದ್ದ ತಾಯಂದಿರೇ ನಿಪ್ಪಲ್ಲನ್ನು ಹೆಚ್ಚು ನೆಚ್ಚಿಕೊಳ್ಳುತ್ತಿದ್ದರು. ನಿಪ್ಪಲ್ಲು ಕಾರಣವೋ, ತೊಂದರೆಯ ಗುರುತೋ?

ಇದನ್ನು ಬಿಡಿಸಲು ಎರಡು ದೊಡ್ಡ ಪ್ರಯೋಗ ನಡೆದವು. ಕೆನಡಾದ ಮಾಂಟ್ರಿಯಲ್‌ನಲ್ಲಿ 281 ತಾಯಂದಿರು (2001), ಅರ್ಜೆಂಟೀನಾದಲ್ಲಿ 1021 (2009). ಎರಡನ್ನೂ ಕೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಉತ್ತರ: ಎದೆಹಾಲು ಕುಡಿಸಲು ಗಟ್ಟಿ ಮನಸ್ಸು ಮಾಡಿದ ತಾಯಂದಿರಲ್ಲಿ, ನಿಪ್ಪಲ್ ಕೊಟ್ಟರೂ ಬಿಟ್ಟರೂ ನಾಲ್ಕು ತಿಂಗಳವರೆಗೆ ಎದೆಹಾಲಿನಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಅರ್ಜೆಂಟೀನಾದಲ್ಲಿ ಹಾಲು ಚೆನ್ನಾಗಿ ಕುದುರಿದ ಮೇಲೆಯೇ ಕೂಸುಗಳನ್ನು ಪ್ರಯೋಗಕ್ಕೆ ತೆಗೆದುಕೊಂಡಿದ್ದರು ಅನ್ನೋದು ನೆನಪಿರಲಿ.

ಇನ್ನೊಂದು ಕಡೆ, ನಿದ್ದೆಯಲ್ಲಿ ಎಳೆ ಕೂಸುಗಳು ಹಠಾತ್ ಸಾಯುವ ಅಪಾಯ ನಿಪ್ಪಲ್ಲಿನಿಂದ ಕಡಿಮೆಯಾಗುತ್ತದೆ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2005ರಲ್ಲಿ ಹೇಳಿತು. ಆದರೆ ಎದೆಹಾಲಿನ ಕೂಸಿಗೆ ಒಂದು ತಿಂಗಳು ತಡೆಯಿರಿ, ಹಾಲು ಕುದುರಲಿ ಎಂದೂ ಹೇಳಿತು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಯಲ್ಲಿ ಚೀಪುವುದನ್ನು ಕಲಿಸಲು ನಿಪ್ಪಲ್ಲನ್ನು ಬಳಸುತ್ತಾರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಆ ಒಂಬತ್ತನೇ ಸೂತ್ರವನ್ನು ತಿದ್ದಿತು. "ಕೊಡಬೇಡಿ" ಹೋಗಿ, "ಅದರ ಬಳಕೆ, ಅಪಾಯ ಎರಡನ್ನೂ ತಾಯಿಗೆ ತಿಳಿಸಿ ಹೇಳಿ" ಆಯಿತು.

ಅಂದ್ರ ಬೈಯೋದು ಬಿಟ್ಟು ಕೂತು ಮಾತಾಡ್ರಿ ಅಂತ. ನಮ್ಮ ಆಶಾ ಅಕ್ಕ ಮಾಡಿದ್ದೂ ಅದೇ.

7/8

ಈಗ ನಮ್ಮ ಪುಸ್ತಕಕ್ಕ ಬರೋಣ. ಕ್ಲಾಸ್‌ಮೇಟ್ಸ್, ಇದು ಪರೀಕ್ಷೆಗೂ ಬೀಳತದ.

1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಪ್ಪಂದ ಬರೆಯಿತು: ಹಾಲೂಡಿಸುವ ತಾಯಿಗೆ ಕೆಲಸದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಬಿಡುವು ಕೊಡಬೇಕು. ನಮ್ಮ 1948ರ ಕಾರ್ಖಾನೆ ಕಾಯ್ದೆ, 48ನೇ ಕಲಂ: 30ಕ್ಕಿಂತ ಹೆಚ್ಚು ಹೆಂಗಸರು ಇರುವ ಕಾರ್ಖಾನೆಯಲ್ಲಿ ಶಿಶುಗೃಹ ಇರಬೇಕು ಅಂತ 2025ರವರೆಗೆ ನಿಯಮ ಇತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ, 11ನೇ ಕಲಂ: ಕೂಸಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು. 2017ರ ತಿದ್ದುಪಡಿ: 26 ವಾರ ಸಂಬಳ ಸಹಿತ ರಜೆ, 50 ಮಂದಿ ಇರುವ ಕಡೆ ಶಿಶುಗೃಹ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಬಿಡುವು, ಶಿಶುಗೃಹ ಎರಡೂ ಉಳಿದಿವೆ.

ಹೋದ ವರ್ಷ ನಾನು ಇದನ್ನ ಬಾಯಿಪಾಠ ಮಾಡಿ ಬರದಿದ್ದೆ. ಅಕ್ಕನ ನೆನಪು ಬಂದಿರಲಿಲ್ಲ.

ಅಕ್ಕನ ಗಂಡನ ಮನ್ಯಾಗ ನಾಲ್ಕು ಪಾವರ್‌ಲೂಮ್ ಅದಾವ. ಮಗ್ಗ ನಡಸೂದು ಗಂಡಸರು. ಕಂಡಿಕಿ ಸುತ್ತೂದು ಹೆಣ್ಣುಮಕ್ಕಳು. ನೂಲು ಸುತ್ತಿದ ಕಂಡಿಕಿ ಇಲ್ಲದಿದ್ರ ಲಾಳಿ ಖಾಲಿ, ಲಾಳಿ ಖಾಲಿ ಅಂದ್ರ ಮಗ್ಗ ಬಂದ್. ಅದು ಕಾರ್ಖಾನೆ ಅಲ್ಲ, ಮನಿ. ಅಲ್ಲಿ 30 ಹೆಂಗಸರೂ ಇಲ್ಲ, 50 ಮಂದಿನೂ ಇಲ್ಲ, ಹಾಜರಿ ಪುಸ್ತಕನೂ ಇಲ್ಲ. ಸೀರಿ ಲೆಕ್ಕದಾಗ ರೊಕ್ಕ. ನಮ್ಮ ಕಾಸ್ಟ್ ಅಕೌಂಟಿಂಗ್‌ನಾಗ ಪೀಸ್ ರೇಟ್ ಅಂತೀವಲ್ಲ, ಅದು. ಟೈಮ್ ರೇಟ್ ಇದ್ದವರಿಗೆ ಬಿಡುವು ಸಿಕ್ಕರೂ ಸಂಬಳ ಕಡಿಮೆ ಆಗೂದಿಲ್ಲ. ಪೀಸ್ ರೇಟ್ ಇದ್ದವರಿಗೆ ಪ್ರತಿ ಬಿಡುವೂ ಸ್ವಂತ ಕಿಸೆಯಿಂದ.

ಸಾದಾ ಗುಣಾಕಾರ ಮಾಡ್ರಿ. ದಿನಕ್ಕ 8ರಿಂದ 12 ಸಲ, ಒಂದು ಸಲಕ್ಕ 20 ನಿಮಿಷ ಹಿಡೀರಿ. 160ರಿಂದ 240 ನಿಮಿಷ. ಸುಮಾರು ಮೂರರಿಂದ ನಾಲ್ಕು ತಾಸು. ಅರ್ಧ ದಿನದ ಕೆಲಸ. ಇದು ಯಾವ ಲೆಕ್ಕದ ಪುಸ್ತಕದಾಗೂ ಬರೂದಿಲ್ಲ. "ಎದೆಹಾಲು ಪುಕ್ಕಟೆ" ಅಂತಾರ. ಅವ್ವನ ಟೈಮಿಗೆ ಬೆಲಿ ಇಲ್ಲ ಅಂದ್ಕೊಂಡ್ರ ಮಾತ್ರ ಅದು ಪುಕ್ಕಟೆ.

ಮುಧೋಳ, ಜಮಖಂಡಿ ಸುತ್ತ ಕಬ್ಬಿನ ಹಂಗಾಮಿನಾಗ ಗ್ಯಾಂಗ್‌ನವರು ಬರ್ತಾರ. ಗಿಡಕ್ಕ ಜೋಳಿಗಿ ಕಟ್ಟಿ ಕೂಸನ್ನ ಹಾಕಿ ಅವ್ವ ಕಬ್ಬು ಕಡೀತಿರತಾಳ. ಕಾಲೇಜು ಬಸ್ಸಿನ ಕಿಟಕಿಯಿಂದ ನಾವೆಲ್ಲಾ ನೋಡೇವಿ. ಅಕಿಗೂ ಟನ್ ಲೆಕ್ಕ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಶಿಶುಗೃಹ ತೆರೆಯುವುದಾಗಿ ಹೇಳಿತು. ಅದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ಒಳ್ಳೇ ಹೆಜ್ಜಿ. ಕಂಡಿಕಿ ಸುತ್ತೋ ಮನೆಗೆ, ಕಬ್ಬಿನ ಹೊಲಕ್ಕ ಅದು ಇನ್ನೂ ದೂರ.

8/8

ಕಡೀ ಭಾಗ. ಮನಿಗೆ ವಾಪಸ್.

ಅವತ್ತು ಆಶಾ ಅಕ್ಕ ಹೋದ ಮೇಲೆ ನಾನು ಅಕ್ಕನ ಮುಂದ ಕೂತು "ನನ್ನ ತಪ್ಪು" ಅಂದೆ. ಅಕ್ಕ ಅಂದ್ಲು, "ನೀ ನನ್ನ ಮಲಗಿಸಾಕ ಇಟ್ಟಿದ್ದಿ. ನಿನ್ನ ಬಿಟ್ರ ಆ ರಾತ್ರಿ ಯಾರೂ ಎದ್ದಿರಲಿಲ್ಲ." ಆ ಮಾತು ನನಗ ಎರಡು ಕಡೆಯಿಂದ ತಾಗಿತು.

ನಾವು ಹಿಂಗ ಮಾಡಿದ್ವಿ. ನಿಪ್ಪಲ್ಲನ್ನ ಡಬ್ಬಿಗೆ ಹಾಕಿ ಮ್ಯಾಲಿನ ಮಾಡದಾಗ ಇಟ್ವಿ. ಒಂದು ತಿಂಗಳು ದಾಟಿ, ತೂಕ ಸರಿಯಾಗಿ ಏರಿದ ಮೇಲೆ ನೋಡೋಣ ಅಂತ. ರಾತ್ರಿ ಪಾಳಿ ಹಚ್ಚಿದ್ವಿ. ಕೂಸು ಎದ್ರ ಒಂದು ಸಲ ನಾನು, ಒಂದು ಸಲ ಅವ್ವ ಎದ್ದು ಅಕ್ಕನ ಮಗ್ಗಲಿಗೆ ತಂದು ಕೊಡೂದು, ಕುಡಿದ ಮೇಲೆ ತೇಗು ಬರಿಸಿ ಮಲಗಿಸೂದು. ಅಪ್ಪ ಮೊದಲ ಸಲ ಮುಂಜಾನೆ ಅರಿವಿ ಒಗೆಯಾಕ ಕೂತ. ಆಯಿ ನೋಡಿ ನಕ್ಕಳು, ಬೈಲಿಲ್ಲ. 28ನೇ ದಿನ ತೂಗಿದಾಗ ಆ ವಾರದಾಗ 210 ಗ್ರಾಂ ಏರಿತ್ತು. ಆಶಾ ಅಕ್ಕ ಕಾರ್ಡಿನಾಗ ಬರೆದು, "ಯಾರ್ ಯಾರು ಏಳ್ತೀರಿ ರಾತ್ರಿ?" ಅಂತ ಕೇಳಿದ್ರು. ನಾನು ಕೈ ಎತ್ತಿದೆ. ಕ್ಲಾಸಿನಾಗ ಹಾಜರಿ ಹೇಳಿದಂಗ.

ಹೋದ ವಾರ ಅಕ್ಕನ್ನ ಬನಹಟ್ಟಿಗೆ ಕಳಿಸಿ ಬಂದ್ವಿ. ಕೂಸಿಗೆ ಈಗ ಐದು ತಿಂಗಳು. ನಿಪ್ಪಲ್ಲೂ ಹೋಗೇತಿ ಬ್ಯಾಗಿನಾಗ, ಮಲಗೋ ಹೊತ್ತಿಗೆ ಒಮ್ಮೊಮ್ಮೆ ಕೊಡ್ತಾಳ, ಅದರಾಗ ತಪ್ಪೇನಿಲ್ಲ. ಹೊರಡೋ ಮುಂದ ನಮ್ಮ ಅವ್ವ ಅಕ್ಕನ ಅತ್ತಿಗೆ ಒಂದೇ ಮಾತು ಹೇಳಿದ್ಲು: "ಕೂಸು ಕೇಳಿದಾಗ ರಾಟಿ ನಿಲ್ಲಿಸಾಕ ಬಿಡ್ರಿ ಬೀಗತಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕಾಲಕ್ಕ ನಮ್ಮತ್ತಿ ನಿಲ್ಲಿಸಾಕ ಬಿಡಲಿಲ್ಲ," ಅಂದ್ರು. ಆಮೇಲೆ, "ನಾ ಸುತ್ತತೀನಿ ಬಿಡ್ರಿ ಆ ಹೊತ್ತಿಗೆ" ಅಂದ್ರು.

ಅರಿವಿ ಗಂಟು, ಗಾಡ್‌ಫ್ರೀಸ್ ಪಾಕ, ಬಾಲ ಗೋಲಿ, ರಬ್ಬರ್ ನಿಪ್ಪಲ್ಲು. ನಾಲ್ಕೂ ಒಂದೇ ಜಾಗಕ್ಕ ಬಂದು ಕೂತವು. ಆ ಜಾಗದಾಗ ಮೊದಲು ಇದ್ದದ್ದು ಇನ್ನೊಬ್ಬ ಮನುಷ್ಯನ ಕೈ, ಇಲ್ಲಾ ಅವ್ವನ ಇಪ್ಪತ್ತು ನಿಮಿಷ. ನಿಪ್ಪಲ್ ಒಳ್ಳೇದೋ ಕೆಟ್ಟದ್ದೋ ಅಂತ ಇನ್ನು ಮುಂದ ಯಾರಾದ್ರೂ ಕೇಳಿದ್ರ ನಾನು ತಿರುಗಿ ಕೇಳ್ತೀನಿ: ಆ ಅವ್ವಗ ಟೈಮ್ ಯಾರು ಕೊಡ್ತಾರ?

ಇವತ್ತು ಮನಿಗೆ ಹೋಗಿ ನಿಮ್ಮ ಅವ್ವನ್ನ ಕೇಳ್ರಿ: ನಾ ಸಣ್ಣಾಕಿ ಇದ್ದಾಗ, ಸಣ್ಣಾವ ಇದ್ದಾಗ, ನೀ ಕೆಲಸಕ್ಕ ಹೋದ್ರ ನನ್ನ ಯಾರು ಹಿಡಕೊತಿದ್ರು? ಅವಳು ಏನು ಹೇಳಿದ್ಲು ಅಂತ ಕೆಳಗ ಬರೀರಿ. ನಮ್ಮ ನಾಲ್ಕು ಊರಿನ ಈ ಇತಿಹಾಸ ಯಾರೂ ಬರೆದಿಲ್ಲ. ನಾವೇ ಕೂಡಿಸೋಣ.

#ನಮ್ಮೂರಇತಿಹಾಸ #ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ಎದೆಹಾಲು